ನಮ್ಮವರು ಓದದ ಲೇಖನ

ಜನವರಿ 11

ಅಕ್ಕನಿಗೆ ನಮಸ್ಕಾರ.

ಕ್ಷೇಮ ಸಮಾಚಾರ ಆಮೇಲೆ. ಫೋನ್ ಮಾಡಬಹುದಿತ್ತು, ಆದರೆ ದ್ವೀಪದ ಮೊಕದ್ದಮೆಯ ವಿಷಯವನ್ನು ಫೋನಿನಲ್ಲಿ ಆಡಕೂಡದೆಂದು ನಮ್ಮ ವಿದೇಶಾಂಗ ಇಲಾಖೆಯ ಅಪ್ಪಣೆಯಾಗಿದೆ. ಅಲ್ಲದೆ ಫೋನಿನಲ್ಲಿ ನಾನು ಮಾತು ಶುರು ಮಾಡುವಷ್ಟರಲ್ಲಿ ನೀನು ತೀರ್ಪು ಕೊಟ್ಟು ಮುಗಿಸಿರುತ್ತೀ. ಕಾಗದವಾದರೆ ಕೊನೆಯವರೆಗೂ ಕೇಳಲೇಬೇಕು.

ಇಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ಹಿಂದಿನ ಬೀದಿಯಲ್ಲಿ, ಒಂದು ಕನ್ನಡಕದ ಅಂಗಡಿಯ ಮೇಲೆ ನಮಗೆ ಎರಡು ಕೋಣೆ ಕೊಡಿಸಿದ್ದಾರೆ. ಒಂದರಲ್ಲಿ ದಾಖಲೆಗಳ ರಟ್ಟಿನ ಪೆಟ್ಟಿಗೆಗಳು, ಇನ್ನೊಂದರಲ್ಲಿ ನಾವು. ಕಿಟಕಿ ಇರುವುದು ಪೆಟ್ಟಿಗೆಗಳ ಕೋಣೆಗೆ. ಹೊರದೇಶದಿಂದ ಗೊತ್ತುಮಾಡಿಕೊಂಡ ಹಿರಿಯ ವಕೀಲರು ವಾರಕ್ಕೊಮ್ಮೆ ಬಂದು ಹೋಗುತ್ತಾರೆ. ಅವರ ಹುಬ್ಬು ತಲೆಗೂದಲಿಗಿಂತ ದಟ್ಟ, ಹಾಗಾಗಿ ನಮ್ಮೊಳಗೆ ಅವರ ಹೆಸರು ಬಿಳಿಹುಬ್ಬು. ದ್ವೀಪ ನಮ್ಮದು, ಅಲ್ಲಿ ಬಲೆ ಒಣಗಿಸುವ ಮೀನುಗಾರರು ನಮ್ಮವರು, ಕೇಸು ನಮ್ಮದು. ಮಾತು ಮಾತ್ರ ಅವರದು. ನಾವು ಹಿಂದೆ ಕೂತು ಚೀಟಿ ದಾಟಿಸುವವರು.

ಈಗ ವಿಷಯ. ಹೋದ ವಾರ ಪಕ್ಕದ ದೇಶದವರ ವಾದಪತ್ರ ಬಂತು. ಬಿಳಿಹುಬ್ಬು ಓದುತ್ತ ಓದುತ್ತ ಒಂದು ಕಡೆ ನಿಂತರು. ದ್ವೀಪ ತಮ್ಮದೆನ್ನುವುದಕ್ಕೆ ಅವರು ನಮ್ಮ ಮನೆಯೊಳಗಿನ ಮಾತನ್ನೇ ಎತ್ತಿ ತೋರಿಸಿದ್ದಾರೆ. ನಮ್ಮ ಅಂತರರಾಷ್ಟ್ರೀಯ ಕಾನೂನು ಪರಿಷತ್ತಿನ ವಾರ್ಷಿಕ ಸಂಚಿಕೆಯಲ್ಲಿ ಎಂದೋ ಬಂದ ಲೇಖನ. ನಿನ್ನದು, ಅಕ್ಕ. "ಆ ದೇಶದ ಮಾನ್ಯ ವಿದ್ವಾಂಸರೇ ಒಪ್ಪಿರುವಂತೆ" ಎಂದು ಆ ಪುಟ ಶುರುವಾಗುತ್ತದೆ. ಈ ನ್ಯಾಯಾಲಯದಲ್ಲಿ ವಿದ್ವಾಂಸರ ಬರಹಕ್ಕೂ ಅಷ್ಟಿಷ್ಟು ತೂಕವಿದೆಯೆಂದು ನಿನಗೆ ನಾನು ಹೇಳಬೇಕಾಗಿಲ್ಲ. ಎದುರಾಳಿಯ ಮನೆಯ ವಿದ್ವಾಂಸರದಾದರೆ ಆ ತೂಕ ಇಮ್ಮಡಿ.

ಯಾರು ಈಕೆ, ನಿಮ್ಮವರೇನು ಎಂದು ಬಿಳಿಹುಬ್ಬು ಕೇಳಿದರು. ನಮ್ಮ ಕಡೆ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾರೆ ಎಂದೆ. ಅದು ಸುಳ್ಳಲ್ಲ.

ನಮ್ಮ ಕಾನೂನು ವಿಭಾಗದ ನಿರ್ದೇಶಕರು ಒಂದು ದಾರಿ ಹೇಳಿದ್ದಾರೆ. ನಿನ್ನಿಂದ ಅರ್ಧ ಪುಟದ ಸ್ಪಷ್ಟೀಕರಣ ಸಾಕು. ಆ ಲೇಖನ ಕೇವಲ ಚರ್ಚೆಗಾಗಿ ಬರೆದದ್ದು, ಪಕ್ವವಾದ ಅಭಿಪ್ರಾಯವಲ್ಲ, ಇಷ್ಟೇ. ನೀನು ಅದನ್ನು ಯಾವ ಆಧಾರದ ಮೇಲೆ ಬರೆದೆ ಅಂತಲೂ ತಿಳಿಸು. ಪತ್ರಿಕೆಯ ವರದಿಗಳನ್ನು ನಂಬಿ ಬರೆದದ್ದಾದರೆ ಹಾಗೆಂದೇ ಹೇಳಿಬಿಡಬಹುದು, ಯಾರಿಗೂ ಅವಮಾನವಿಲ್ಲ.

ನಾನು ಚೆನ್ನಾಗಿದ್ದೇನೆ. ಭಾವನಿಗೆ, ಅಮ್ಮನಿಗೆ ಹೇಳು.

ನಿನ್ನ ತಮ್ಮ

*

ಜನವರಿ 27

ತಮ್ಮನಿಗೆ,

ನಿನ್ನ ಕಾಗದವನ್ನು ಮೊದಲು ನಿನ್ನ ಭಾವ ಓದಿದರು. ಹಲ್ಲಿನ ಡಾಕ್ಟರಲ್ಲವೆ, ಎಲ್ಲಿ ಹುಳುಕು ಎಂದು ಬೇಗ ಗೊತ್ತಾಗುತ್ತದೆ. "ನೋಯಲ್ಲ ನೋಯಲ್ಲ ಅಂತ ನಾನೂ ಹೀಗೇ ಹೇಳ್ತೀನಿ, ಇಕ್ಕಳ ಬೆನ್ನ ಹಿಂದೆ ಇರುತ್ತೆ" ಎಂದು ಕಾಗದ ನನ್ನ ಕೈಗಿತ್ತು ಕ್ಲಿನಿಕ್ಕಿಗೆ ಹೋದರು.

ಯಾವ ಆಧಾರದ ಮೇಲೆ ಬರೆದೆ ಎಂದು ಕೇಳಿದ್ದೀ. ಆ ಸಾಲನ್ನು ಎರಡು ಸಲ ಓದಿದೆ. ಲೇಖನದ ಮೊದಲ ಪುಟದಲ್ಲೇ ಇದೆ, ತಮ್ಮ. ಒಂದು ಕಥೆಯ ಹಾಗೇ ಶುರು ಮಾಡಿದ್ದೆ, ನಮ್ಮವರಿಗೆ ನಿದ್ದೆ ಬಾರದಿರಲಿ ಎಂದು. ಒಂದಾನೊಂದು ದ್ವೀಪದಲ್ಲಿ ಪಕ್ಕದ ದೇಶದವರು ದೀಪಸ್ತಂಭ ಕಟ್ಟಿದರು. ಕಟ್ಟಿ, ದೀಪ ಹೊತ್ತಿಸುವ ದಿನ ನಮ್ಮ ಬಂದರು ಅಧಿಕಾರಿಯನ್ನು ಕರೆದರು. ಆತ ಒಗೆದ ಸಮವಸ್ತ್ರ ಹಾಕಿಕೊಂಡು ಹೋದ, ಮುಂದಿನ ಸಾಲಿನಲ್ಲಿ ಕೂತ, ಚಪ್ಪಾಳೆ ತಟ್ಟಿದ. ಹಿಂದಿರುಗಿ ಸರ್ಕಾರಕ್ಕೆ ತಾನೇ ವರದಿ ಬರೆದ: ಸಮಾರಂಭ ಚೆನ್ನಾಗಿ ನಡೆಯಿತು, ದೀಪ ದೂರಕ್ಕೆ ಕಾಣುತ್ತದೆ. ನಮ್ಮ ಸರ್ಕಾರ ಆ ವರದಿಯನ್ನು ಕಟ್ಟಿಟ್ಟಿತು. ಇದು ನಮ್ಮ ನೆಲ, ನೀವು ಯಾರು ಕಟ್ಟೋಕೆ ಎಂದು ಒಂದು ತಲೆಮಾರು ಕಳೆಯುವವರೆಗೂ ಯಾರೂ ಕೇಳಲಿಲ್ಲ. ಕೇಳಬೇಕಾದವರು ಅಷ್ಟು ಕಾಲ ಸುಮ್ಮನಿದ್ದರೆ ಕಾನೂನು ಅದನ್ನು ಒಪ್ಪಿಗೆಯೆಂದೇ ಓದುತ್ತದೆ. ನಾನು ಆ ವರದಿಯನ್ನು ನಮ್ಮದೇ ಪತ್ರಾಗಾರದಲ್ಲಿ ಕೂತು ಓದಿದೆ. ಪತ್ರಿಕೆಯ ವರದಿಯಲ್ಲ.

ಸಂಚಿಕೆ ಬಂದಾಗ ನೀನು ಏನು ಹೇಳಿದ್ದೆ ಗೊತ್ತೆ? "ಅಕ್ಕಾ, ಓದಿದೆ, ಭಾರೀ ಗಟ್ಟಿಯಾಗಿದೆ." ಆ ವರ್ಷ ನನಗೆ ಸಿಕ್ಕ ಹೊಗಳಿಕೆ ಅದೊಂದೇ. ಅದರ ಮೇಲೇ ನಾನು ಸಂಚಿಕೆಯ ಸಂಪಾದಕಿಯಾಗಲು ಒಪ್ಪಿಕೊಂಡದ್ದು.

ಹೋಗಲಿ. ನೀನೊಬ್ಬನೇ ಅಲ್ಲ. ನಮ್ಮ ಪರಿಷತ್ತೂ ಪಕ್ಕದ ದೇಶದ ಪರಿಷತ್ತೂ ಪ್ರತಿ ವರ್ಷ ಸಂಚಿಕೆಗಳನ್ನು ಅದಲು ಬದಲು ಮಾಡಿಕೊಳ್ಳುವ ಪದ್ಧತಿ ನಿನಗೆ ಗೊತ್ತು. ನಮ್ಮವರು ಅವರ ಸಂಚಿಕೆಗಳನ್ನು ಎಲ್ಲಿಟ್ಟಿದ್ದಾರೆ ಎಂಬುದೂ ಗೊತ್ತಿರಬೇಕು: ಸಭಾಂಗಣದಲ್ಲಿ ಪ್ರೊಜೆಕ್ಟರಿನ ಕೆಳಗೆ, ಎತ್ತರಕ್ಕೆ. ಅವರು ನಮ್ಮದನ್ನು ಓದಿದ್ದಾರೆ. ತಪ್ಪು ಅವರದೆ?

ಸ್ಪಷ್ಟೀಕರಣ ಬರೆಯಲಾರೆ. ಆ ಲೇಖನ ಪಕ್ವವಾಗಿಯೇ ಇತ್ತು. ತಪ್ಪಿದ್ದರೆ ಎಲ್ಲಿ ತಪ್ಪು ಎಂದು ತೋರಿಸಿ, ತಿದ್ದಿಕೊಳ್ಳುತ್ತೇನೆ.

ಅಮ್ಮ ನಿನಗೆ ಕಿವಿ ಮುಚ್ಚಿಕೊಂಡು ತಿರುಗಾಡು ಎಂದಿದ್ದಾಳೆ, ಅಲ್ಲಿ ಚಳಿಯಂತೆ. ಅಕ್ಕನ ಮಾತಿಗೆ ಮಾತ್ರ ತೆರೆದಿಟ್ಟುಕೋ.

ಅಕ್ಕ

*

ಫೆಬ್ರವರಿ 8

ಅಕ್ಕನಿಗೆ,

ಓದಿದೆನೋ ಬಿಟ್ಟೆನೋ ಎಂಬುದು ಈಗಿನ ಪ್ರಶ್ನೆಯಲ್ಲ. ಆ ವರ್ಷ ನಾನು ಇಲಾಖೆಗೆ ಹೊಸಬ, ತಲೆ ಕೆರೆದುಕೊಳ್ಳಲು ಪುರಸೊತ್ತಿರಲಿಲ್ಲ.

ನಿನಗೆ ತರಗತಿಯಿದೆ, ಅಲ್ಲಿ ಸತ್ಯ ಹೇಳಿದರೆ ಮಕ್ಕಳು ಬರೆದುಕೊಳ್ಳುತ್ತಾರೆ. ನನಗಿರುವುದು ಕಕ್ಷಿದಾರ, ಅವನು ದೇಶ. ದ್ವೀಪ ಹೋದರೆ ಮೀನುಗಾರರ ಮುಂದೆ ಹೋಗಿ ನಿನ್ನ ಪತ್ರಾಗಾರದ ಕಥೆ ಹೇಳಲಾಗುತ್ತದೆಯೆ?

ಇನ್ನೊಂದು ಮಾತು ಹೇಳಬಾರದೆಂದಿದ್ದೆ. ಈ ಕೇಸಿನಲ್ಲಿ ನಮ್ಮವನೊಬ್ಬನಿಗೆ ನ್ಯಾಯಪೀಠದ ಮುಂದೆ ನಿಂತು ಮಾತಾಡುವ ಅವಕಾಶ ಕೊಡಿಸುತ್ತೇನೆಂದು ನಿರ್ದೇಶಕರು ಹೇಳಿದ್ದಾರೆ. ಇಷ್ಟು ವರ್ಷಗಳಲ್ಲಿ ಒಬ್ಬರೂ ಅಲ್ಲಿ ನಿಂತಿಲ್ಲ. ನಾನು ನಿಲ್ಲಬಹುದು. ನಿನ್ನ ಸಹಿ ಬಂದರೆ ಅವರಿಗೆ ನನ್ನ ಮೇಲೆ ಭರವಸೆ ಬರುತ್ತದೆ.

ಕರಡು ಇದರೊಂದಿಗಿದೆ. ಕೆಳಗೆ ಸಹಿ ಹಾಕಿದರೆ ಸಾಕು.

ತಮ್ಮ

*

ಮಾರ್ಚ್ 3

ತಮ್ಮನಿಗೆ,

ತಡವಾಗಿ ಬರೆಯುತ್ತಿದ್ದೇನೆ. ನಿನ್ನ ಕರಡು ಬಂದ ದಿನ ಸಹಿ ಹಾಕಿಬಿಡೋಣ ಎನಿಸಿದ್ದು ನಿಜ. ನೀನು ಅಲ್ಲಿ ನಿಂತು ಮಾತಾಡುವುದನ್ನು ನೋಡಲು ನನಗೂ ಆಸೆ. ಪೆನ್ನು ತೆಗೆದು ಮುಚ್ಚಳ ಹಾಕಿ, ಮತ್ತೆ ತೆಗೆದು, ಪರಿಷತ್ತಿನ ವಾರ್ಷಿಕ ಸಭೆ ಮುಗಿಯಲಿ ಎಂದುಕೊಂಡೆ. ಸಭೆ ಮುಗಿಯಿತು. ಏನಾಯಿತು ಕೇಳು.

ಸಭಾಂಗಣ ಎಂದಿನಂತೆಯೇ. ಮುಂದಿನ ಸಾಲು ಇಲಾಖೆಯವರಿಗೆಂದು ಖಾಲಿ. ಇಲಾಖೆಯವರು ಊಟದ ಹೊತ್ತಿಗೆ ಬಂದರು. ದೊಡ್ಡ ಕಂಪನಿಗಳ ವಕೀಲರು ಫೋಟೋ ಹೊತ್ತಿಗೆ ಬಂದರು. ನಮ್ಮ ಮೇಷ್ಟ್ರುಗಳು ಹೊರದೇಶದ ಪತ್ರಿಕೆಗಳಲ್ಲಿ ತಮ್ಮದು ಎಷ್ಟು ಬಂದಿದೆ, ಇನ್ನೊಬ್ಬರದು ಎಷ್ಟು ಬಂದಿಲ್ಲ ಎಂದು ಮಾತಾಡಿಕೊಂಡರು. ಇಲಾಖೆಯವರಿಗೆ ನಾವು ಸಿದ್ಧಾಂತದವರು, ನಮಗೆ ಅವರು ಕಡತದವರು. ಎರಡು ಮನೆಯವರು ಒಂದೇ ಬಾವಿಯ ಸುತ್ತ ನಿಂತು ತಂತಮ್ಮ ಹಗ್ಗ ಹೊಗಳಿಕೊಂಡಂತೆ. ನೀರು ಸೇದಲು ಮಾತ್ರ ಹೊರಗಿನಿಂದ ಬಿಳಿಹುಬ್ಬನ್ನು ಕರೆಸುತ್ತೇವೆ.

ಮಧ್ಯಾಹ್ನ ನಮ್ಮ ಅಧ್ಯಕ್ಷರು ಎದ್ದರು. ನಿವೃತ್ತ ರಾಯಭಾರಿಗಳಲ್ಲವೆ, ಇರಿಯುವಾಗಲೂ ಕೈ ಕುಲುಕಿಯೇ ಇರಿಯುತ್ತಾರೆ. ಪರಿಷತ್ತಿನ ಸಂಚಿಕೆಯಲ್ಲಿ ಬಂದ ಒಂದು ಲೇಖನದಿಂದ ದೇಶದ ಹಿತಕ್ಕೆ ಧಕ್ಕೆಯಾಗಿರುವುದಕ್ಕೆ ಈ ಸಭೆ ವಿಷಾದಿಸುತ್ತದೆ, ಹೀಗೊಂದು ನಿರ್ಣಯ. ಲೇಖನ ಯಾರ ಬಳಿಯೂ ಇರಲಿಲ್ಲ. ಒಬ್ಬರು ಹೊಳೆಯ ಬಗ್ಗೆಯೋ ದ್ವೀಪದ ಬಗ್ಗೆಯೋ ಎಂದು ಪಕ್ಕದವರನ್ನು ಕೇಳಿದ್ದು ನನಗೆ ಕೇಳಿಸಿತು. ಹಿಂದೊಮ್ಮೆ ನನ್ನ ಕಿವಿಯಲ್ಲಿ "ನೀವು ಬರೆದದ್ದೇ ಸರಿ, ನಾವು ಬಾಯಿ ಬಿಡೋ ಹಾಗಿಲ್ಲ" ಎಂದಿದ್ದ ಮಹಾನುಭಾವರು ಚಾವಣಿಯ ಫ್ಯಾನು ಎಣಿಸುತ್ತಿದ್ದರು.

ನಾನು ಎದ್ದು ಕೇಳಿದೆ, ಸ್ವಾಮಿ, ನಾವು ಇಲ್ಲಿ ಸೇರಿರುವುದು ಕಾನೂನು ಏನೆಂದು ಹುಡುಕುವುದಕ್ಕೋ ಅಥವಾ ಸರ್ಕಾರ ಹೇಳಿದ್ದು ಕಾನೂನು ಎನ್ನುವುದಕ್ಕೋ? ರಾಯಭಾರಿಗಳು ಬಹಳ ಮೆತ್ತಗೆ, ಎಲ್ಲರಿಗೂ ಕೇಳಿಸುವಷ್ಟು ಮೆತ್ತಗೆ, ಹೇಳಿದರು:

"ಅಮ್ಮಾ, ನೀವ್ಯಾಕೆ ಬೇಜಾರು ಮಾಡ್ಕೋತೀರಿ? ನಿಮ್ಮ ಹಿತಕ್ಕೇ ಈ ನಿರ್ಣಯ. ಹೇಗೂ ನೀವು ಸಹಿ ಹಾಕ್ತೀರಿ ಅಂತ ನಿಮ್ಮ ತಮ್ಮ ಡಿಸೆಂಬರಿನಲ್ಲೇ ಒಪ್ಪಿಕೊಂಡಿದಾರಂತಲ್ಲ. 'ಅಕ್ಕ ನನ್ನ ಮಾತು ತೆಗೆದುಹಾಕಲ್ಲ' ಅಂದ್ರಂತೆ."

ಡಿಸೆಂಬರ್. ನೀನು ನನಗೆ ಬರೆದದ್ದು ಜನವರಿಯಲ್ಲಿ, ವಾದಪತ್ರ ಹೋದ ವಾರ ಬಂತು ಎಂದು.

ಅಲ್ಲಿಗೆ ನಾನು ಕೂತೆ. ನಿರ್ಣಯ ಪಾಸಾಯಿತು. ಎಲ್ಲರೂ ಚಹಾ ಕುಡಿಯಲು ಹೋದರು.

ನಿನ್ನ ಕರಡನ್ನು ವಾಪಸು ಕಳಿಸುತ್ತಿದ್ದೇನೆ. ಅಭ್ಯಾಸ ಬಲ, ಕೆಂಪು ಶಾಯಿಯಲ್ಲಿ ತಿದ್ದಿದ್ದೇನೆ. ಎರಡನೇ ವಾಕ್ಯ ಮೊದಲನೆಯದಕ್ಕೆ ವಿರುದ್ಧವಾಗಿದೆ. ಆಧಾರ ಕೊಟ್ಟಿಲ್ಲ. ಅನುತ್ತೀರ್ಣ.

ಅಕ್ಕ

*

ಮಾರ್ಚ್ 12

ಅಕ್ಕನಿಗೆ,

ಡಿಸೆಂಬರಿನಲ್ಲಿ ಹಾಗೆ ಅಂದದ್ದು ನಿಜ. ಕೋಣೆ ತುಂಬ ಜನ ನನ್ನ ಮುಖ ನೋಡುತ್ತಿದ್ದರು. ಚಿಕ್ಕವನಿದ್ದಾಗ ನಾನು ಏನು ಕೇಳಿದರೂ ನೀನು ಮೊದಲು ಬೈದು ಆಮೇಲೆ ಕೊಡುತ್ತಿದ್ದೆ. ಈ ಸಲವೂ ಬೈದು ಕೊಡುತ್ತೀ ಎಂದುಕೊಂಡೆ. ಅದನ್ನು ನೀನು ಮೋಸ ಎಂದು ಓದುತ್ತೀಯಾದರೆ ಓದು. ಸಭೆಯಲ್ಲಿ ನಿನಗಾದದ್ದಕ್ಕೆ ಬೇಜಾರಿದೆ. ಆದರೆ ನಿನ್ನ ಹೆಸರು ಉಳಿಸಿಕೊಳ್ಳಲು ಒಂದು ದ್ವೀಪದ ಬೆಲೆ ತೆರಲು ಹೊರಟಿದ್ದೀ, ಅದನ್ನು ಕೆಂಪು ಶಾಯಿಯಲ್ಲಿ ಯಾರು ತಿದ್ದಬೇಕು?

ಈಗಿನ ಸುದ್ದಿ ಇದು. ನನಗೆ ನ್ಯಾಯಪೀಠದ ಮುಂದೆ ನಿಲ್ಲುವ ಅವಕಾಶ ಸಿಕ್ಕಿದೆ. ಹತ್ತು ನಿಮಿಷ. ವಿಷಯ: ನಿನ್ನ ಲೇಖನ.

ನಿರ್ದೇಶಕರು ಕರೆದು ಕೂರಿಸಿಕೊಂಡು ಹೇಳಿದರು, ಸಹಿ ಬರಲಿಲ್ಲ, ಇನ್ನು ಉಳಿದ ದಾರಿ ಇದೇ ಎಂದು. ನಮ್ಮ ದೇಶದವಳ ಮಾತನ್ನು ನಮ್ಮ ದೇಶದವನೇ ಅಲ್ಲಗಳೆದರೆ ಚೆನ್ನ. ಈಕೆ ಹೆಸರು ಕೇಳಿರದ ಲೇಖಕಿ, ಪರಿಷತ್ತೇ ವಿಷಾದಿಸಿದೆ, ಇದನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ಹೇಳಿ ಕೂತುಬಿಡಬೇಕು. ನಾನು ಒಲ್ಲೆನೆಂದರೆ ಬಿಳಿಹುಬ್ಬಿನ ಕೈಕೆಳಗಿನವನೊಬ್ಬ ಹೇಳುತ್ತಾನೆ, ಹೇಗೂ ಹೇಳುವುದಾಗುತ್ತದೆ.

ನಾನು ಒಪ್ಪಿದ್ದೇನೆ. ಮೂರನೆಯವರ ಬಾಯಿಂದ ನಿನಗೆ ತಿಳಿಯುವುದು ಬೇಡ ಎಂದು ಈ ಸಲ ನಾನೇ ಬರೆಯುತ್ತಿದ್ದೇನೆ.

ಹೇಳಲು ನಾಲಿಗೆ ಏಳದ ಇನ್ನೊಂದು ಮಾತು. ಎದುರು ಪಕ್ಷದವರು ಲಗತ್ತಿಸಿರುವುದು ಲೇಖನದ ಎರಡು ಪುಟ ಮಾತ್ರ. ಇಡೀ ಲೇಖನ ಬೇಕು. ಇಲಾಖೆಯ ಗ್ರಂಥಾಲಯದಲ್ಲಿ ಆ ವರ್ಷದ ಸಂಚಿಕೆಯಿಲ್ಲ, ಪರಿಷತ್ತಿನ ಕಚೇರಿಗೆ ಬರೆದರೆ ಬೀರುವಿನ ಬೀಗದಕೈ ಸಿಗುತ್ತಿಲ್ಲ ಎನ್ನುತ್ತಾರೆ. ನಿನ್ನ ಹತ್ತಿರ ಪ್ರತಿ ಇದ್ದರೆ ಕಳಿಸು.

ತಮ್ಮ

*

ಮಾರ್ಚ್ 21

ಪ್ರತಿ ಕಳಿಸಿದ್ದೇನೆ. ನಲವತ್ತೊಂದು ಪುಟ, ಅಡಿಟಿಪ್ಪಣಿ ಬಿಡಬೇಡ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಬೇರೆ ವಿಶೇಷವಿಲ್ಲ.

ಅಕ್ಕ

*

ಏಪ್ರಿಲ್ 19

ಅಕ್ಕನಿಗೆ ನಮಸ್ಕಾರ.

ವಿಚಾರಣೆ ಮುಗಿಯಿತು. ನೀನು ಕಂಪ್ಯೂಟರಿನಲ್ಲಿ ನೇರಪ್ರಸಾರ ನೋಡಿದೆಯೋ ಇಲ್ಲವೋ ಗೊತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಲೇಖನ ಬಂದ ದಿನ ಪೆಟ್ಟಿಗೆಗಳ ಕೋಣೆಯಲ್ಲಿ ಜಾಗ ಮಾಡಿಕೊಂಡು, ಕಿಟಕಿಯ ಬಳಿ ಕೂತು ಓದಿದೆ. ಮೊದಲ ಸಲ ಓದಿದಾಗ ನಿನ್ನ ಮೇಲೆ ಸಿಟ್ಟು ಬಂತು, ಎಲ್ಲೂ ಸಡಿಲವಿಲ್ಲವಲ್ಲ ಎಂದು. ಮರುದಿನ ಮತ್ತೆ ಓದಿದೆ, ಜಗಳಗಂಟನ ಹಾಗೆ. ಸಂಜೆಯ ಹೊತ್ತಿಗೆ ಒಂದು ಬಿರುಕು ಸಿಕ್ಕಿತು. ಅಂಗಡಿಯವನು ಕೆಳಗೆ ಬಾಗಿಲೆಳೆಯುತ್ತಿದ್ದ, ನಾನು ಮೇಲೆ ಒಬ್ಬನೇ ನಗುತ್ತಿದ್ದೆ.

ನನ್ನ ಸರದಿ ಬಂದಾಗ ಎದ್ದು ಮುಂದೆ ಹೋದೆ. ನ್ಯಾಯಾಧೀಶರು ಸಾಲಾಗಿ ಎತ್ತರದಲ್ಲಿ ಕೂತಿದ್ದರು, ಒಬ್ಬರು ಆಗಲೇ ಗಡಿಯಾರ ನೋಡುತ್ತಿದ್ದರು. ಬರೆದು ಕೊಟ್ಟಿದ್ದ ಹಾಳೆ ಮುಂದಿತ್ತು. ಅದನ್ನು ತಿರುಗಿಸಿಟ್ಟೆ. ಹೇಳಿದ್ದು ಹೀಗೆ:

"ಮಾನ್ಯರೇ, ಈ ಲೇಖನವನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ನಾನು ಕೇಳುವುದಿಲ್ಲ. ನಮ್ಮ ದೇಶದಲ್ಲಿ ಈ ವಿಷಯದ ಮೇಲೆ ಇದಕ್ಕಿಂತ ಶ್ರದ್ಧೆಯ ಬರಹ ಇನ್ನೊಂದಿಲ್ಲ. ಇದು ತಪ್ಪು ಎಂದು ತೋರಿಸಲು ಬಂದಿದ್ದೇನೆ."

ಆಮೇಲೆ ತೋರಿಸಿದೆ. ಬಂದರು ಅಧಿಕಾರಿ ಹೋದದ್ದು ದೀಪ ನೋಡುವುದಕ್ಕೆ. ಸಮುದ್ರದಲ್ಲಿ ಯಾರು ದೀಪ ಹಚ್ಚಿದರೂ ದೋಣಿಯಲ್ಲಿರುವವನು ಬೇಡ ಎನ್ನುವುದಿಲ್ಲ, ಅದು ಅವನ ಜೀವದ ಪ್ರಶ್ನೆ. ದೀಪಕ್ಕೆ ಸುಮ್ಮನಿದ್ದದ್ದನ್ನು ನೆಲಕ್ಕೆ ಸುಮ್ಮನಿದ್ದದ್ದೆಂದು ಲೇಖಕಿ ಓದಿದ್ದಾರೆ, ಎರಡೂ ಬೇರೆ ಬೇರೆ ಎಂದೆ. ಗಡಿಯಾರ ನೋಡುತ್ತಿದ್ದವರು ಬರೆದುಕೊಳ್ಳತೊಡಗಿದರು. ಹತ್ತು ನಿಮಿಷ ಆದದ್ದೇ ಗೊತ್ತಾಗಲಿಲ್ಲ.

ಹೊರಗೆ ಬಂದಾಗ ಬಿಳಿಹುಬ್ಬು ಚೆನ್ನಾಗಿತ್ತು ಎಂದರು, ಇದನ್ನು ನಾನೇ ಹೇಳಬೇಕಿತ್ತು ಎಂದೂ ಅಂದರು. ನಿರ್ದೇಶಕರು ನೇರ ಕಾರು ಹತ್ತಿದರು. ಎದುರಾಳಿಯ ಸಾಕ್ಷಿಯನ್ನು ನೀವೇ ದೊಡ್ಡದು ಮಾಡಿ ಕೂರಿಸಿದಿರಿ ಎಂದು ಮರುದಿನ ಹೇಳಿ ಕಳಿಸಿದರು. ಕೇಸು ಗೆದ್ದರೂ ಸೋತರೂ ನನ್ನ ಜಾಗ ಇನ್ನು ಕಡತಗಳ ವಿಭಾಗದಲ್ಲಿ. ಜೂನ್ ಹೊತ್ತಿಗೆ ಊರಿಗೆ ಬರುತ್ತೇನೆ.

ರಾಯಭಾರಿಗಳು ಅತಿಥಿಯಾಗಿ ಬಂದಿದ್ದರು. ಸಂಚಿಕೆಗೆ ಹೊಸ ಸಂಪಾದಕರು ಬಂದಿದ್ದಾರೆ, ನಿಮ್ಮ ಅಕ್ಕ ಮಾರ್ಚ್ ನಡುವಿನಲ್ಲೇ ಕೀಲಿಕೈ ಒಪ್ಪಿಸಿದರು ಎಂದು ನಗುನಗುತ್ತ ತಿಳಿಸಿದರು. ನೀನು ಲೇಖನ ಕಳಿಸಿದ್ದು ಅದಾದ ಮೇಲೆ. "ಬೇರೆ ವಿಶೇಷವಿಲ್ಲ" ಎಂದು ಬರೆದಿದ್ದೆ.

ನಾನು ಬರೆಯದೆ ಮುಚ್ಚಿಟ್ಟದ್ದಕ್ಕೆ ನೀನು ಬೈದೆ. ನಿನ್ನನ್ನು ಯಾರು ಬೈಯಬೇಕು?

ತಮ್ಮ

*

ಏಪ್ರಿಲ್ 30

ತಮ್ಮನಿಗೆ,

ನೋಡಿದೆ. ನಿನ್ನ ಭಾವ ಕ್ಲಿನಿಕ್ಕಿನಿಂದ ಬಂದು ನೋಡಿದರು, ಅಮ್ಮನೂ ನೋಡಿದಳು. ಅವಳಿಗೆ ನಿನ್ನ ಕೋರ್ಟಿನ ಭಾಷೆ ತಿಳಿಯಲಿಲ್ಲ. "ಯಾರನ್ನೋ ಇವನು ಹಿಡಿದು ಜಾಡಿಸ್ತಾ ಇದಾನೆ, ಯಾರದು?" ಎಂದು ಕೇಳಿದಳು. ನನ್ನನ್ನು, ಅಂದೆ. "ಹಾಗಾದ್ರೆ ನೀನ್ಯಾಕೆ ಕಣ್ಣೊರೆಸಿಕೊಂಡು ನಗ್ತಿದೀಯ?" ಅಂದಳು.

ಸಂಪಾದಕತ್ವದ ವಿಷಯ ಬರೆಯಲಿಲ್ಲ, ಹೌದು. ಬರೆದಿದ್ದರೆ ನೀನು ಕರುಣೆಯಿಂದ ಓದುತ್ತಿದ್ದೆ. ನನಗೆ ಕರುಣೆ ಬೇಕಿರಲಿಲ್ಲ.

ಈ ಪರಿಷತ್ತಿನಲ್ಲಿ ನಾನು ಕಳೆದ ವರ್ಷಗಳಲ್ಲಿ ಆ ಲೇಖನವನ್ನು ಬಾಯಿಬಿಟ್ಟು ಹೊಗಳಿದವನು ನೀನೊಬ್ಬ, ಓದದೆ. ತೆಗಳಿದವರು ಎಲ್ಲರೂ, ಓದದೆ. ಪಕ್ಕದ ದೇಶದವರು ಓದಿದರು, ತಮಗೆ ಬೇಕಾದ ಎರಡು ಪುಟ ಹರಿದುಕೊಂಡರು. ಕೊನೆಯವರೆಗೂ ಓದಿ, ಇದು ತಪ್ಪು, ಇಲ್ಲಿ ತಪ್ಪು ಎಂದು ನನ್ನವನೊಬ್ಬ ಎದ್ದು ನಿಂತು ಹೇಳಿದ್ದು ಇದೇ ಮೊದಲು. ನಿನ್ನನ್ನು ಕಡತದ ವಿಭಾಗಕ್ಕೆ ಹಾಕಿದ್ದು ಕೇಳಿ ಹೊಟ್ಟೆ ಉರಿಯಿತು. ಅದಕ್ಕೆ ನಾನು ಏನೂ ಮಾಡಲಾರೆ, ಅದೂ ಉರಿಯುತ್ತದೆ.

ನಿನ್ನ ವಾದವನ್ನೂ ಅದಕ್ಕೆ ನನ್ನ ಉತ್ತರವನ್ನೂ ಒಟ್ಟಿಗೆ ಸಂಚಿಕೆಯಲ್ಲಿ ಹಾಕಿ ಎಂದು ಹೊಸ ಸಂಪಾದಕರನ್ನು ಕೇಳಿದೆ. ವಿಷಯ ನ್ಯಾಯಾಲಯದ ಮುಂದಿದೆ ಎಂದರು. ತೀರ್ಪು ಬಂದ ಮೇಲೆ ಹಾಕಿ ಎಂದೆ. ತೀರ್ಪು ಬಂದ ಮೇಲೆ ಚರ್ಚೆ ಯಾಕೆ ಎಂದರು. ಇವರ ಜೊತೆ ತಲೆ ಚಚ್ಚಿಕೊಂಡು ಸಾಕಾಗಿದೆ. ಹಾಗಾಗಿ ಉತ್ತರವನ್ನು ನಿನಗೇ ಬರೆಯುತ್ತಿದ್ದೇನೆ. ಈಗ ಇದಕ್ಕೆ ಓದುಗ ಅಂತ ಇರುವವನು ನೀನೊಬ್ಬನೇ.

ದೀಪ ಬೇರೆ, ನೆಲ ಬೇರೆ ಎಂದೆಯಲ್ಲ, ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಒಪ್ಪಿದೆ. ಆ ಭಾಗವನ್ನು ನಾನು ಮತ್ತೆ ಬರೆಯಬೇಕು. ಆದರೆ ಮೂರನೆಯ ಭಾಗಕ್ಕೆ ನೀನು ಬರಲೇ ಇಲ್ಲ, ಕಳ್ಳ. ದೀಪ ಹೊತ್ತಿದ ಮೇಲೆ ಪಕ್ಕದ ದೇಶದವರು ದ್ವೀಪಕ್ಕೆ ಬರುವ ನಮ್ಮ ಮೀನುಗಾರರಿಂದ ಪರವಾನಗಿ ಚೀಟಿ ಕೇಳತೊಡಗಿದರು. ನಮ್ಮವರು ಅವರಿಂದಲೇ ಚೀಟಿ ಬರೆಸಿಕೊಂಡರು. ಆಗಲೂ ನಮ್ಮ ಸರ್ಕಾರ ತುಟಿ ಬಿಚ್ಚಲಿಲ್ಲ. ಅದು ದೀಪಕ್ಕೆ ಸುಮ್ಮನಿದ್ದದ್ದೆ? ಇಪ್ಪತ್ತೊಂಬತ್ತನೇ ಪುಟ ತೆಗೆ, ಕೆಳಗಿನ ಅಡಿಟಿಪ್ಪಣಿಯಿಂದ ಶುರು ಮಾಡುತ್ತೇನೆ.